ಜಾತ್ರೆಯ ತೊಟ್ಟಿಲಿನವರೂ ಸಮಾಜದ ಋಣವೂ

ಜಾತ್ರೆಯೆಂಬದು ‘ಯಾತ್ರಾ’ ಎಂಬ ಸಂಸ್ಕೃತ ಶಬ್ದದ ತದ್ಭವವೆಂಬದು ವಾಚಕ ಮಹಾಶಯರಿಗೆ ವಿದಿತವೇ ಇದೆ. ಊರಿಂದೂರಿಗೆ ನಡೆಯುವುದೇ ಅದರ ಮೂಲಾರ್ಥ. ಆದರೆ ಈ ಕಾಲದಲ್ಲಿ ಜಾತ್ರೆಗೆ ಹೋದ ಭಕ್ತನು ತೇರನ್ನು ಕಂಡು, ಚುರುಮುರಿ ತಿಂದು, ರಾತ್ರಿ ಹನ್ನೊಂದಕ್ಕೆ ತನ್ನ ಮನೆಯ ಚಾವಡಿಯನ್ನು ಸೇರುತ್ತಾನೆ. ನಿಜವಾಗಿ ಯಾತ್ರೆಯನ್ನು ಮಾಡತಕ್ಕವರು ಬೇರೆಯೇ ಇದ್ದಾರೆ. ತಿರುಗುವ ತೊಟ್ಟಿಲು, ಮರದ ಕುದುರೆ, ಕೊಲಂಬಸ್ ಎಂಬ ದೋಣಿಯುಯ್ಯಾಲೆ, ಮರಣಬಾವಿ ಇವುಗಳನ್ನು ಲಾರಿಗೇರಿಸಿಕೊಂಡು, ಹೆಂಡಿರು ಮಕ್ಕಳೊಡನೆ ಗದ್ದೆಯಿಂದ ಗದ್ದೆಗೆ ಅಲೆಯುವವರೇ ಅವರು. ಶಿರ್ವ, ಕಾಪು, ಕಾರ್ಕಳ, ಉಡುಪಿ ಸೀಮೆಯ ಜನರು ಅವರನ್ನು ವರ್ಷವರ್ಷವೂ ಕಾಣುತ್ತಾರೆ; ಅವರ ಹೆಸರನ್ನು ಕೇಳಿದವರು ಮಾತ್ರ ವಿರಳ.

ಅವರ ಪಂಚಾಂಗವು ನಮ್ಮ ದೇವಸ್ಥಾನಗಳ ಪಂಚಾಂಗವೇ ಆಗಿದೆ. ದೀಪಾವಳಿ ಕಳೆದು ಕೋಟೇಶ್ವರದ ಕೊಡಿಹಬ್ಬ ಬಂದಿತೆಂದರೆ ಅವರ ವರ್ಷವು ಮೊದಲಾಯಿತು. ಮಕರ ಸಂಕ್ರಾಂತಿಯ ಸಮಯಕ್ಕೆ ಉಡುಪಿಯ ಸಪ್ತೋತ್ಸವ, ಜನವರಿಯ ಕೊನೆಗೆ ಅತ್ತೂರಿನ ಸಂತ ಲಾರೆನ್ಸರ ಹಬ್ಬ, ಮಾರ್ಚಿನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆ, ಎಪ್ರಿಲಿನಲ್ಲಿ ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆ. ಹೀಗೆ ಅವರ ದಾರಿ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದು ಯಕ್ಷಗಾನದ ವೇಷಧಾರಿ ಗೆಜ್ಜೆ ಬಿಚ್ಚುತ್ತಾನೆ. ತೊಟ್ಟಿಲಿನವನು ಮೊಳೆ ಬಿಚ್ಚುತ್ತಾನೆ. ಮುಂದಿನ ಐದಾರು ತಿಂಗಳು ಮಳೆಯುಂಟು, ಹಸಿವುಂಟು, ಸಂಪಾದನೆಯಿಲ್ಲ. ಹದಿನೈದರ ಪ್ರಾಯದಲ್ಲಿ ಹಗ್ಗ ಹಿಡಿದವನು ಅರುವತ್ತರ ಪ್ರಾಯದವರೆಗೆ ಇದೇ ಚಕ್ರದಲ್ಲಿ ಸುತ್ತಿ, ಕೊನೆಗೆ ಕೈಸಾಗದೆ ಮೂಲೆ ಸೇರುವನು. ಇಂತಹ ಆಯುಷ್ಯಕ್ಕೆ ಸಮಾಜವು ಏನನ್ನಾದರೂ ಸಲ್ಲಿಸತಕ್ಕದ್ದಿದೆಯೇ ಎಂಬದೇ ಪ್ರಕೃತ ವಿಷಯ. ಇಲ್ಲವೆಂದು ವಾದಿಸುವ ವಿದ್ಯಾವಂತರು ನಮ್ಮಲ್ಲಿ ಬಹಳ ಮಂದಿ. ಅವರ ಮೂರು ಆಕ್ಷೇಪಗಳನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ಮೊದಲನೆಯ ಪೂರ್ವಪಕ್ಷ: “ಇದೂ ಒಂದು ವೃತ್ತಿಯೇ? ವಿದ್ಯೆಯಿಲ್ಲದ ಅಲೆಮಾರಿಗಳ ಹೊಟ್ಟೆಪಾಡು” ಎಂಬದು. ಹೀಗೆನ್ನುವವರು ಒಮ್ಮೆ ತೊಟ್ಟಿಲನ್ನು ನಿಲ್ಲಿಸುವುದನ್ನು ಕಣ್ಣಾರೆ ಕಂಡುಬರಲಿ. ಸುಗ್ಗಿ ಕೊಯ್ದ ಗದ್ದೆಯ ಮಣ್ಣು ಮೇಲೆ ಗಟ್ಟಿ, ಒಳಗೆ ಮೆತು. ಭಾರವು ಒಂದೇ ಕಡೆ ಇಳಿಯದಂತೆ ಅಡಿಯಲ್ಲಿ ಮರದ ದಿಮ್ಮಿಗಳನ್ನು ಹಾಸಿ, ಮಟ್ಟ ನೋಡಿ, ಆಮೇಲೆ ಕಂಬಗಳನ್ನೆತ್ತಬೇಕು. ಜನರನ್ನು ಕೂರಿಸುವಾಗ ಸಾಲಾಗಿ ತುಂಬಿದರೆ ಚಕ್ರವು ಒಂದು ಮಗ್ಗುಲಿಗೆ ಎಳೆಯುವುದು. ಆದುದರಿಂದ ಒಂದು ತೊಟ್ಟಿಲು ತುಂಬಿದೊಡನೆ ಅದಕ್ಕೆ ಎದುರಾದ ತೊಟ್ಟಿಲನ್ನು ತುಂಬುತ್ತಾರೆ. ದಪ್ಪ ದೇಹದವನು ಬಂದರೆ ಎದುರಿಗೆ ಇಬ್ಬರು ಬಾಲಕರನ್ನು ಕೂರಿಸುವ ಲೆಕ್ಕವು ಅವರ ಕಣ್ಣಿನಲ್ಲಿಯೇ ಇದೆ. ಮರಣಬಾವಿಯ ಸವಾರನಾದರೋ ವೇಗ, ವೃತ್ತದ ಅಳತೆ, ಹಲಗೆಯ ಘರ್ಷಣೆ ಈ ಮೂರನ್ನೂ ಪ್ರಾಣವನ್ನೇ ಪಣವಾಗಿಟ್ಟು ತೂಗುತ್ತಾನೆ. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆದರೆ ಅದು ಭೌತಶಾಸ್ತ್ರ. ಜಾತ್ರೆಯ ಗದ್ದೆಯಲ್ಲಿ ಮಾಡಿದರೆ ಅಲೆಮಾರಿತನ! ಇದೆಂತಹ ನ್ಯಾಯ?

1893ರಲ್ಲಿ ಅಮೇರಿಕದ ಶಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಫೆರಿಸನೆಂಬ ಇಂಜಿನಿಯರನು 264 ಅಡಿ ಎತ್ತರದ ಚಕ್ರವನ್ನು ನಿಲ್ಲಿಸಿದನು. ಅದಕ್ಕೆ 36 ಪೆಟ್ಟಿಗೆಗಳು; ಪ್ರತಿಯೊಂದರಲ್ಲಿ 60 ಜನರಂತೆ ಒಮ್ಮೆಗೆ 2160 ಜನರು. ಲೋಕವು ಅವನನ್ನು ಕೊಂಡಾಡಿ, ಆ ಯಂತ್ರಕ್ಕೆ ಅವನ ಹೆಸರನ್ನೇ ಇಟ್ಟಿತು. ಅದೇ ಯಂತ್ರದ ಮರಿಯನ್ನು ವರ್ಷಕ್ಕೆ ಇಪ್ಪತ್ತು ಸಲ ಬಿಚ್ಚಿ ಜೋಡಿಸುವವನಿಗೆ ನಮ್ಮೂರಲ್ಲಿ ಕುಡಿಯುವ ನೀರನ್ನು ಕೊಡುವುದಕ್ಕೂ ಅನುಮಾನ.

ಶಾಸ್ತ್ರವನ್ನು ಕೇಳುವವರಿಗೆ ಶಾಸ್ತ್ರವೂ ಉಂಟು. ಕೌಟಿಲ್ಯನು ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ನಟ, ನರ್ತಕ, ಗಾಯಕರೊಡನೆ ಹಗ್ಗದಾಟದ ಪ್ಲವಕರನ್ನೂ, ಇಂದ್ರಜಾಲದ ಸೌಭಿಕರನ್ನೂ ಹೆಸರಿಸಿ ಹೇಳಿದ್ದಾನೆ. ಹೊರಗಿನಿಂದ ಬಂದ ತಂಡವು ಐದು ಪಣಗಳ ಪ್ರೇಕ್ಷಾವೇತನವನ್ನು ಕೊಡತಕ್ಕದ್ದೆಂದು ವಿಧಿಸಿದ್ದಾನೆ. ಹಳ್ಳಿಯ ಕೃಷಿಕರ ಕೆಲಸವನ್ನು ಇವರು ಕೆಡಿಸಬಾರದೆಂದು ಬೇರೊಂದೆಡೆ ಎಚ್ಚರಿಸಿದ್ದುದೂ ನಿಜವೇ; ಆದರೆ ನಮ್ಮ ಜಾತ್ರೆಗಳು ಸುಗ್ಗಿಯ ಕೊಯ್ಲಾದ ಮೇಲೆ ನಡೆಯತಕ್ಕವುಗಳಾದುದರಿಂದ ಆ ದೋಷವು ಇಲ್ಲಿ ಸಲ್ಲದು. ಮುಖ್ಯವಾದುದೇನೆಂದರೆ, ಅದೇ ಅಧ್ಯಾಯದಲ್ಲಿ ಗೀತನೃತ್ಯಾದಿ ಕಲೆಗಳನ್ನು ಕಲಿಸುವವರಿಗೆ ರಾಜನ ಕಡೆಯಿಂದ ಜೀವನೋಪಾಯವನ್ನು ಕಲ್ಪಿಸಬೇಕೆಂದೂ ಇದೆ. ರಂಜಿಸುವವರಿಂದ ರಾಜ್ಯವು ಪಡೆಯತಕ್ಕದ್ದೂ ಉಂಟು, ರಂಜನೆಯ ವಿದ್ಯೆಗೆ ರಾಜ್ಯವು ಕೊಡತಕ್ಕದ್ದೂ ಉಂಟು ಎಂಬದೇ ಇದರ ಭಾವ. ಈಗಿನ ಆಳುವವರು ಪೂರ್ವಾರ್ಧವನ್ನು ಚೆನ್ನಾಗಿ ಕಂಠಪಾಠ ಮಾಡಿ, ಉತ್ತರಾರ್ಧವನ್ನು ಮರೆತಿದ್ದಾರೆ. 2017ರ ಜುಲೈ 1ರಂದು ಹೊಸ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಮಕ್ಕಳ ಮರದ ಕುದುರೆಗೂ ದೊಡ್ಡವರ ಜೂಜಿನ ಮನೆಗೂ ಒಂದೇ ದರ, ನೂರಕ್ಕೆ 28! ಕೂಗಾಟವಾದ ಮೇಲೆ 2018ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಿದರು. ಇಳಿಸಿದ್ದು ಸಂತೋಷ, ಕುದುರೆಯಾಟವನ್ನೂ ಜೂಜನ್ನೂ ಸಮಾನವೆಂದು ಭಾವಿಸಿದ ಬುದ್ಧಿಯೇ ಶೋಚನೀಯ.

ಎರಡನೆಯ ಪೂರ್ವಪಕ್ಷ: “ಇವರಿಂದ ದೇವರ ಉತ್ಸವದ ಪಾವಿತ್ರ್ಯಕ್ಕೆ ಭಂಗ” ಎಂಬದು. ದೇವರಿಗೆ ಡೋಲೋತ್ಸವವನ್ನು ಮಾಡಿ ತೊಟ್ಟಿಲು ತೂಗುವ ಜನರು, ದೇವರ ಮಕ್ಕಳು ತೊಟ್ಟಿಲೇರಿದರೆ ಮೈಲಿಗೆಯೆನ್ನುವುದು ವಿಚಿತ್ರವಾಗಿದೆ. ಪಾವಿತ್ರ್ಯಕ್ಕೆ ನಿಜವಾದ ಭಂಗ ಬರುವುದು ಎಲ್ಲಿ? ದೇವರ ಗದ್ದೆಯನ್ನು ಏಲಂ ಹಾಕಿ, ಹೆಚ್ಚು ಕೂಗಿದವನಿಗೇ ಕೊಡುವಲ್ಲಿ! ಏಲಂನಲ್ಲಿ ಲಕ್ಷಗಟ್ಟಲೆ ಸುರಿದವನು ಅದನ್ನು ಐದು ರಾತ್ರಿಗಳಲ್ಲಿ ಹಿಂದಕ್ಕೆ ಪಡೆಯಬೇಕು. ಆಗ ಆರು ಜನರ ತೊಟ್ಟಿಲಿಗೆ ಎಂಟು ಜನರೇರುತ್ತಾರೆ. ಸವೆದ ಮೊಳೆಯೇ ಇನ್ನೊಂದು ಜಾತ್ರೆಗೆ ಸಾಕಾಗುತ್ತದೆ. ಆಳಿನ ಕೂಲಿಯು ಅರ್ಧವಾಗುತ್ತದೆ. ಏಲಂನ ಹಣದಿಂದ ಗೋಪುರಕ್ಕೆ ಬಣ್ಣ ಬಳಿಯುವ ಮಹನೀಯರು, ಆ ಬಣ್ಣದಲ್ಲಿ ಯಾರ ಬೆವರು ಬೆರೆತಿದೆಯೆಂಬದನ್ನು ಒಮ್ಮೆ ವಿಚಾರಿಸಬಾರದೆ? ಇನ್ನೊಂದು ಮಾತು. ಅತ್ತೂರಿನ ಹಬ್ಬಕ್ಕೆ ಎಲ್ಲ ಮತದವರೂ ಹೋಗುವುದು ಈ ಸೀಮೆಯ ರೂಢಿ. ಅಲ್ಲಿಯ ತೊಟ್ಟಿಲಿನಲ್ಲಿ ಭಟ್ಟರ ಮಗು, ಬ್ಯಾರಿಯ ಮಗು, ಕೊರಗರ ಮಗು ಒಂದೇ ಹಲಗೆಯಲ್ಲಿ ಕುಳಿತು ಒಟ್ಟಿಗೆ ಕಿರುಚುತ್ತವೆ. ಇಂತಹ ಸಹಪಂಕ್ತಿಯನ್ನು ನಡೆಸಿಕೊಡುವವನನ್ನು ಅಪವಿತ್ರನೆನ್ನುವ ನಾಲಗೆಯೇ ಶುದ್ಧಿಯನ್ನು ಬಯಸುತ್ತದೆ.

ಮೂರನೆಯ ಪೂರ್ವಪಕ್ಷ: “ಈ ಯಂತ್ರಗಳು ಅಪಾಯಕರ, ಇವನ್ನು ನಿಷೇಧಿಸುವುದೇ ಲೇಸು” ಎಂಬದು. ಮೂರರಲ್ಲಿ ಇದೊಂದೇ ಗೌರವಕ್ಕೆ ಅರ್ಹವಾದ ಆಕ್ಷೇಪ. ಅಪಾಯವುಂಟು. ಆದರೆ 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಉಯ್ಯಾಲೆಯಂತ್ರವು ಮುರಿದು ಇಬ್ಬರು ಮೃತಪಟ್ಟರಷ್ಟೆ. ಅದು ಅಲೆಮಾರಿಯ ಯಂತ್ರವಾಗಿರಲಿಲ್ಲ, ಮಹಾನಗರದ ಸ್ಥಿರವಾದ ಉದ್ಯಾನದಲ್ಲಿದ್ದುದು. ಆದುದರಿಂದ ದೋಷವು ಅಲೆದಾಟದ್ದಲ್ಲ, ಪರೀಕ್ಷೆಯದ್ದು. ಮಣಿಪಾಲದಲ್ಲಿ 1957ರಿಂದಲೂ, ಸುರತ್ಕಲ್ಲಿನಲ್ಲಿ 1960ರಿಂದಲೂ ಇಂಜಿನಿಯರಿಂಗ್ ವಿದ್ಯಾಲಯಗಳಿವೆ. ಜಾತ್ರೆಯ ಮುನ್ನಾದಿನ ಅಲ್ಲಿಯ ಒಬ್ಬ ಉಪಾಧ್ಯಾಯರು ನಾಲ್ಕು ವಿದ್ಯಾರ್ಥಿಗಳೊಡನೆ ಬಂದು ಮೊಳೆ, ಬೆಸುಗೆ, ಅಚ್ಚುಗಳನ್ನು ನೋಡಿಹೋಗುವುದು ದುಸ್ಸಾಧ್ಯವೆ? ವಿದ್ಯಾರ್ಥಿಗಳಿಗೆ ಅದು ಪಾಠ, ಮಕ್ಕಳಿಗೆ ರಕ್ಷೆ, ತೊಟ್ಟಿಲಿನವನಿಗೆ ಮರ್ಯಾದೆ.

ಈ ಕಸುಬಿನವರ ಸೋದರರಾದ ಸರ್ಕಸಿನವರನ್ನು ನೋಡಿರಿ. ಕೀಲೇರಿ ಕುಂಞಿಕಣ್ಣನೆಂಬ ಗುರುಗಳು 1901ರಲ್ಲಿ ತಲಶ್ಶೇರಿಯ ಬಳಿ ಸರ್ಕಸ್ ವಿದ್ಯೆಗೆ ಶಾಲೆಯನ್ನು ತೆರೆದರು. ಮಲಬಾರವೂ ನಮ್ಮ ದಕ್ಷಿಣ ಕನ್ನಡವೂ ಆಗ ಒಂದೇ ಮದ್ರಾಸು ಪ್ರಾಂತ್ಯದ ನೆರೆಹೊರೆಯ ಜಿಲ್ಲೆಗಳು. ಆ ಪರಂಪರೆಯಲ್ಲಿ ಕಲಿತ ಶಂಕರನ್ ಅವರು 1951ರಲ್ಲಿ ಜೆಮಿನಿ ಸರ್ಕಸನ್ನು ಕಟ್ಟಿ, ಆಯುಷ್ಯವನ್ನೆಲ್ಲ ಅದಕ್ಕೇ ಸವೆಸಿ, 2023ರ ಎಪ್ರಿಲಿನಲ್ಲಿ 99ರ ವಯಸ್ಸಿನಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಕೇರಳ ಸರಕಾರವು ಮುದಿ ಸರ್ಕಸ್ ಕಲಾವಿದರಿಗೆ ಪಿಂಚಣಿಯನ್ನು ಕೊಡುವ ಕ್ರಮವನ್ನು ಇಟ್ಟುಕೊಂಡಿದೆ. ಪ್ರಾಣಿಗಳನ್ನು ಕುಣಿಸಬಾರದೆಂದು 1998ರಲ್ಲಿ ಆಜ್ಞೆಯಾಯಿತು. ಮಕ್ಕಳನ್ನು ದುಡಿಸಬಾರದೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಎರಡೂ ಧರ್ಮ್ಯವಾದವು. ಆದರೆ ಹುಲಿಗೂ ಹಸುಳೆಗೂ ಮರುಗಿದ ಕಾನೂನು ಮುದುಕನಿಗೆ ಮರುಗಲಿಲ್ಲ.

ನಮ್ಮ ನಾಡಿನಲ್ಲಿ ಯಕ್ಷಗಾನದ ಬಡ ಕಲಾವಿದನಿಗೆ ಮುಪ್ಪಿನಲ್ಲಿ ಮಾಸಾಶನವುಂಟು, ಸಮಂಜಸವೇ. ಅದೇ ಗದ್ದೆಯಲ್ಲಿ, ಅದೇ ರಾತ್ರಿ, ಅದೇ ಮಂಜಿನಲ್ಲಿ ನಿಂತ ತೊಟ್ಟಿಲಿನವನು ಕಲಾವಿದನಲ್ಲವಂತೆ! ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಆರಂಭವಾದ ಶ್ರಮಯೋಗಿ ಮಾನಧನ ಯೋಜನೆಯಲ್ಲಿ ಅರುವತ್ತು ತುಂಬಿದವನಿಗೆ ತಿಂಗಳಿಗೆ 3000 ರೂಪಾಯಿ ಎಂದು ಹೇಳಿದೆ. ಆದರೆ ಸೇರುವವನಿಗೆ ಪ್ರಾಯ 18ರಿಂದ 40ರೊಳಗೆ ಇರಬೇಕು. ತಿಂಗಳು ತಿಂಗಳೂ ವಂತಿಗೆ ಕಟ್ಟಬೇಕು. ಪತ್ತನಾಜೆಯಿಂದ ದೀಪಾವಳಿಯವರೆಗೆ ಕಾಸು ಕಾಣದವನು ಎಲ್ಲಿಂದ ಕಟ್ಟಿಯಾನು? ನಲುವತ್ತನ್ನು ದಾಟಿದವನು ಯಾವ ಬಾಗಿಲನ್ನು ತಟ್ಟಿಯಾನು? 2020ರ ಮಾರ್ಚ್ 24ರ ರಾತ್ರಿ ದೇಶವೆಲ್ಲ ಬಾಗಿಲು ಮುಚ್ಚಿದುದು ಇವರ ಸುಗ್ಗಿಯ ನಡುವಿನಲ್ಲಿ. 2021ರ ವಸಂತದಲ್ಲಿಯೂ ಅದೇ ಗತಿ. ಎರಡು ವರ್ಷಗಳ ಬೆಳೆ ಹೋದ ರೈತನಿಗಾಗಿ ಮಾತಾಡುವವರಿದ್ದರು. ಎರಡು ವರ್ಷಗಳ ಜಾತ್ರೆ ಹೋದವನಿಗೆ ಯಾರಿದ್ದರು?

ಇಂತಿರಲು ಕರ್ತವ್ಯವೇನೆಂದರೆ: ದೇವಸ್ಥಾನದ ಸಮಿತಿಗಳೂ ಇಗರ್ಜಿಯ ಸಮಿತಿಗಳೂ ಮೈದಾನವನ್ನು ಏಲಂಗೆ ಬಿಡದೆ, ನಿಶ್ಚಿತವಾದ ನ್ಯಾಯದ ನೆಲಬಾಡಿಗೆಗೆ ಕೊಡಲಿ. ಆ ಬಾಡಿಗೆಯ ಹತ್ತರಲ್ಲೊಂದು ಪಾಲನ್ನು ತೊಟ್ಟಿಲಿನವರ ಮುಪ್ಪಿನ ನಿಧಿಗೆಂದು ತೆಗೆದಿಡಲಿ. ಯಂತ್ರಪರೀಕ್ಷೆಯಾಗದೆ ಯಾವ ತೊಟ್ಟಿಲೂ ತಿರುಗದಿರಲಿ. ಜಾತ್ರೆ ನಡೆಯುವಷ್ಟು ದಿನ ಇವರ ಮಕ್ಕಳನ್ನು ಊರ ಶಾಲೆಯವರು ಕರೆದು ಕೂರಿಸಿಕೊಳ್ಳಲಿ. ಸರಕಾರವು ಮಾಸಾಶನದ ಪಟ್ಟಿಯಲ್ಲಿ ಇವರ ಕಸುಬಿನ ಹೆಸರನ್ನೂ ಬರೆಯಲಿ. ಇವುಗಳಲ್ಲಿ ಯಾವುದೂ ದಾನವಲ್ಲ. ಬಹುಕಾಲದಿಂದ ಬಾಕಿಯಿರುವ ಸಾಲದ ಮರುಪಾವತಿ ಮಾತ್ರ.

ತುಳುನಾಡಿನ ಪ್ರತಿಯೊಬ್ಬ ಗೃಹಸ್ಥನೂ ಬಾಲ್ಯದಲ್ಲಿ ತೊಟ್ಟಿಲಿನ ತುದಿಯಿಂದಲೇ ಮೊದಲ ಸಲ ತನ್ನ ಊರನ್ನು ಪೂರ್ತಿಯಾಗಿ ಕಂಡವನು. ಅಷ್ಟೆತ್ತರಕ್ಕೆ ಏರಿಸಿದವನನ್ನು ಕೆಳಗೇ ಬಿಟ್ಟು ಮುಂದೆ ನಡೆಯುವುದು ಸಜ್ಜನರಿಗೆ ಸರ್ವಥಾ ಉಚಿತವಲ್ಲ.