ಗುಟ್ಟಿನ ಮದ್ದು, ಬಯಲಿನ ಬಡಾಯಿ



ಬ್ರಿಟಿಷರ ಆಳಿಕೆಯ ಕಾಲದ ಔಷಧ ಜಾಹೀರಾತುಗಳ ಚಿತ್ರಗಳು ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಒಂದೇ ಗುಳಿಗೆಯಿಂದ ಅಜೀರ್ಣ, ತಲೆಶೂಲೆ, ನಿದ್ರಾಹೀನತೆ, ನರದೌರ್ಬಲ್ಯ ಎಲ್ಲವೂ ಮಾಯ! ‘ಆಗಿನ ಜನ ಎಷ್ಟು ಮುಗ್ಧರು ನೋಡಿ’ ಎಂದು ಅದರ ಕೆಳಗೊಂದು ಒಕ್ಕಣೆ. ಈ ನಗುವಿನ ಬಗ್ಗೆಯೇ ನನ್ನ ತಕರಾರು. ಹಾಗೆ ನಕ್ಕವರೇ ಮರುದಿನ ‘ಸಕ್ಕರೆ ಕಾಯಿಲೆಗೆ ಬುಡಸಮೇತ ಪರಿಹಾರ’ ಎಂಬ ಸಂದೇಶವನ್ನು ನಾಲ್ಕು ಗುಂಪುಗಳಿಗೆ ಕಳುಹಿಸುತ್ತಾರೆ. ನಗಬೇಕಾದದ್ದು ಯಾರನ್ನು ನೋಡಿ?

‘ಪೇಟೆಂಟ್ ಔಷಧ’ ಎಂಬ ಹೆಸರೇ ಮೊದಲನೆಯ ಸುಳ್ಳು. ಪೇಟೆಂಟ್ ಬೇಕೆಂದರೆ ತಯಾರಿಕೆಯ ವಿವರವನ್ನು ಬಹಿರಂಗಪಡಿಸಬೇಕು. ಬಹುತೇಕ ವ್ಯಾಪಾರಿಗಳಿಗೆ ಬೇಡವಾಗಿದ್ದದ್ದು ಅದೇ. ಹೆಸರಿಗೆ, ಚೀಟಿಗೆ, ಬಾಟಲಿಯ ಆಕಾರಕ್ಕೆ ಹಕ್ಕು ಪಡೆದು, ಒಳಗಿನ ವಸ್ತುವನ್ನು ಗುಟ್ಟಾಗಿಯೇ ಉಳಿಸಿಕೊಂಡರು. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಇಂಥ ಔಷಧಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪುಸ್ತಕವನ್ನೇ ಪ್ರಕಟಿಸಿತು. ಲೋಕಪ್ರಸಿದ್ಧವಾದ ಬೀಚಮ್ಸ್ ಗುಳಿಗೆಯಲ್ಲಿ ಸಿಕ್ಕಿದ್ದು ಲೋಳೆಸರದ ಒಣಗಿಸಿದ ರಸ, ಶುಂಠಿ ಮತ್ತು ಸಾಬೂನು! 56 ಗುಳಿಗೆಗಳ ಡಬ್ಬಿಯ ಬೆಲೆ ಒಂದು ಶಿಲಿಂಗ್ ಒಂದೂವರೆ ಪೆನ್ಸ್. ಒಳಗಿನ ಸಾಮಗ್ರಿಯ ಬೆಲೆ ಅರ್ಧ ಫಾರ್ದಿಂಗ್. ಒಂದು ಪೆನ್ನಿಗೆ ನಾಲ್ಕು ಫಾರ್ದಿಂಗ್ ಎಂದು ಲೆಕ್ಕ ಹಾಕಿ ನೋಡಿ, ಕೊಂಡವನು ಕೊಟ್ಟದ್ದು ಸಾಮಗ್ರಿಯ ಬೆಲೆಯ ನೂರೆಂಟು ಪಟ್ಟು.

ಇದು ಹಣದ ಮೋಸವಷ್ಟೇ ಆಗಿದ್ದರೆ ಬಿಡಬಹುದಿತ್ತು. ಕಾಲರಾ, ಭೇದಿ, ಕೆಮ್ಮುಗಳಿಗೆಂದು ಮಾರಾಟವಾಗುತ್ತಿದ್ದ ಕ್ಲೋರೊಡೈನ್ ಎಂಬ ಔಷಧದಲ್ಲಿ ಅಫೀಮು, ಗಾಂಜಾ, ಕ್ಲೋರೋಫಾರ್ಮ್ ಇದ್ದವು. ಅದನ್ನು ರೂಪಿಸಿದ ಡಾ. ಕಾಲಿಸ್ ಬ್ರೌನ್ ಇದೇ ಭಾರತದಲ್ಲಿ ಸೇನಾವೈದ್ಯನಾಗಿದ್ದವನು. ಅಫೀಮು ನೋವನ್ನು ಮರೆಸುತ್ತದೆ, ಭೇದಿಯನ್ನೂ ಕಟ್ಟುತ್ತದೆ. ಆದುದರಿಂದ ರೋಗಿ ಗುಣವಾಯಿತೆಂದೇ ನಂಬುತ್ತಾನೆ. ರೋಗ ಒಳಗೇ ಉಳಿದು ಚಟವೊಂದು ಹೊಸದಾಗಿ ಅಂಟುತ್ತದೆ. ಅಮೆರಿಕದ ಮಿಸೆಸ್ ವಿನ್ಸ್ಲೋ ಸಿರಪ್ಪನ್ನು ಹಲ್ಲು ಮೂಡುವ ಹಸುಗೂಸುಗಳಿಗೆ ಕುಡಿಸುತ್ತಿದ್ದರು. ಅದರಲ್ಲಿದ್ದದ್ದು ಮಾರ್ಫಿನ್. ಅಳು ನಿಂತದ್ದು ನಿಜ. ಕೆಲವು ಕೂಸುಗಳ ಉಸಿರೂ ನಿಂತಿತು.

ಈ ಸರಕು ನಮ್ಮ ಸೀಮೆಯನ್ನು ತಲುಪಲು ದಾರಿಯೂ ಸಿದ್ಧವಾಗಿತ್ತು. ಪೊಟ್ಟಣ ಕೈಗೆ ಬಂದಾಗ ಅಂಚೆಯವನಿಗೇ ಹಣ ಕೊಡುವ ವಿ.ಪಿ. ಪದ್ಧತಿ 1877ರಲ್ಲಿ ಆರಂಭವಾಯಿತು. 1884ರಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ರೈಲು ಬಂದಿತು. ಮುಂಬಯಿ, ಪುಣೆಗಳ ಪತ್ರಿಕೆಗಳ ಜೊತೆಗೆ ಅವುಗಳ ಜಾಹೀರಾತುಗಳೂ ಬಂದವು. ತಿಕೋಟಾ, ಬಬಲೇಶ್ವರಗಳಂಥ ಊರುಗಳಿಂದ ರೋಗಿಯನ್ನು ಬಂಡಿಯಲ್ಲಿ ಹಾಕಿಕೊಂಡು ಪಟ್ಟಣದ ದವಾಖಾನೆಗೆ ಬರುವುದೆಂದರೆ ಒಂದು ದಿನದ ಮಾತಾಗಿದ್ದ ಕಾಲವದು. ವೈದ್ಯ ದೂರ, ಬಾಟಲಿ ಹತ್ತಿರ. ಆ ಜನ ನಂಬಿದ್ದರೆ ಅದು ಮುಗ್ಧತೆಯಲ್ಲ, ನಿರುಪಾಯ. ಇಂದು ವೈದ್ಯಕೀಯ ಮಹಾವಿದ್ಯಾಲಯವಿರುವ ನಗರದಲ್ಲಿ ಕುಳಿತು ಗುಟ್ಟಿನ ಪುಡಿಯನ್ನು ತರಿಸಿಕೊಳ್ಳುವವರಿಗೆ ಯಾವ ನೆಪವಿದೆ?

‘ಅದೆಲ್ಲ ಇಂಗ್ಲಿಷ್ ಔಷಧದ ಕಥೆ, ಸ್ವದೇಶಿಯನ್ನು ಏಕೆ ಎಳೆಯುತ್ತೀರಿ?’ ಎಂದು ಕೆಲವರು ಕೇಳುವರು. ಸ್ವದೇಶಿ ಉದ್ಯಮದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನವನ್ನು ಆರಂಭಿಸಿದ ಕಾಶೀನಾಥುನಿ ನಾಗೇಶ್ವರರಾಯರು 1908ರಲ್ಲಿ ‘ಆಂಧ್ರಪತ್ರಿಕೆ’ಯನ್ನು ಸ್ಥಾಪಿಸಿ ರಾಷ್ಟ್ರೀಯ ಹೋರಾಟಕ್ಕೆ ದನಿಯಾದರು. ಆದರೆ ದೇಶಭಕ್ತಿ ಬೇರೆ, ಔಷಧದ ಗುಣ ಬೇರೆ. ಇಷ್ಟಕ್ಕೂ ಗುಟ್ಟು ನಮ್ಮ ಪರಂಪರೆಯಲ್ಲ. ಚರಕಸಂಹಿತೆಯು ಯೋಗಗಳನ್ನು ದ್ರವ್ಯಗಳ ಹೆಸರಿನೊಂದಿಗೆ ಬಿಚ್ಚಿಟ್ಟಿದೆ. ಪ್ರಾಣವನ್ನು ಕಾಯುವ ವೈದ್ಯನನ್ನು ‘ಪ್ರಾಣಾಭಿಸರ’ನೆಂದು ಕರೆದು, ರೋಗಿಯ ಸುದ್ದಿ ಕೇಳಿದೊಡನೆ ಓಡಿಬಂದು ತನ್ನ ಗುಣಗಾನ ತಾನೇ ಮಾಡಿಕೊಳ್ಳುವವನನ್ನು ‘ರೋಗಾಭಿಸರ’ನೆಂದು ಅದು ಎಚ್ಚರಿಸುತ್ತದೆ. ಜಾಹೀರಾತಿನ ವೈದ್ಯನನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮವರು ಗುರುತಿಸಿದ್ದರು.

ನಿಜವಾದ ಔಷಧಕ್ಕೂ ಗುಟ್ಟಿನ ಮದ್ದಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ನಮ್ಮ ಹುಬ್ಬಳ್ಳಿಯ ಉದಾಹರಣೆಯೇ ಸಾಕು. ಹಾಫ್ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿ ಸಾವಿರಾರು ಜನರಿಗೆ ಅದನ್ನು ಹಾಕಿದನು. ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು ಎಂಬ ಲೆಕ್ಕವಿಡಲಾಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಅದೇ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತಾಗ ವಿಚಾರಣೆ ನಡೆದು, ದೋಷವಿದ್ದ ಬಾಟಲಿಯು ಸಂಖ್ಯೆಸಹಿತ ಪತ್ತೆಯಾಯಿತು. ಹಾಫ್ಕಿನ್ ಕೆಲಸವನ್ನೇ ಕಳೆದುಕೊಂಡು, 1907ರಲ್ಲಿ ನಿರ್ದೋಷಿಯೆನಿಸಿದನು. ತಪ್ಪು ಆಗಬಾರದೆಂದಲ್ಲ, ಆದ ತಪ್ಪು ಸಿಕ್ಕಿಬೀಳುವಂತಿರಬೇಕು. ಗುಟ್ಟಿನ ಮದ್ದು ಕುಡಿದು ಸತ್ತವರ ಲೆಕ್ಕ ಯಾವ ಜಾಹೀರಾತಿನಲ್ಲಿದೆ? ಅಲ್ಲಿ ಗುಣವಾದವರ ಪತ್ರಗಳು ಮಾತ್ರ ಅಚ್ಚಾಗುತ್ತವೆ. ಸತ್ತವರು ಪತ್ರ ಬರೆಯುವುದಿಲ್ಲ.

ಕಾನೂನು ಬರಲಿಲ್ಲವೆಂದಲ್ಲ. 1930ರಲ್ಲಿ ಚೋಪ್ರಾ ಸಮಿತಿ ನೇಮಕವಾಗಿ, 1940ರಲ್ಲಿ ಔಷಧ ಕಾಯಿದೆ ಬಂದಿತು. 1954ರ ಮಾಂತ್ರಿಕ ಚಿಕಿತ್ಸೆ ಮತ್ತು ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ಮೂರ್ಛೆರೋಗ, ಪಾರ್ಶ್ವವಾಯು ಮೊದಲಾದವು ಸೇರಿವೆ. ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದೇ ಅಪರಾಧ. ನಿಷಿದ್ಧ ಔಷಧದ ಇಂಥ ಜಾಹೀರಾತಿಗೆ ವಾಕ್‌ಸ್ವಾತಂತ್ರ್ಯದ ಆಸರೆಯಿಲ್ಲವೆಂದು ಸುಪ್ರೀಂ ಕೋರ್ಟು 1959ರಲ್ಲಿಯೇ ಹೇಳಿತು. ಆದರೂ 2024ರಲ್ಲಿ ಪತಂಜಲಿ ಸಂಸ್ಥೆ ಅದೇ ಕೋರ್ಟಿನ ಮುಂದೆ ನಿಂತು, ಪತ್ರಿಕೆಗಳಲ್ಲಿ ಬಹಿರಂಗ ಕ್ಷಮೆ ಯಾಚಿಸಬೇಕಾಯಿತು. ಆಯುಷ್ ಜಾಹೀರಾತುಗಳಿಗೆ ಪೂರ್ವಾನುಮತಿ ಬೇಕೆಂದು 2018ರಲ್ಲಿ ತಂದ ನಿಯಮವನ್ನು ಸರಕಾರವೇ 2024ರ ಜುಲೈನಲ್ಲಿ ಕೈಬಿಟ್ಟಿತು. ಅದಕ್ಕೆ ಕೋರ್ಟು ನೀಡಿದ್ದ ತಡೆಯೂ 2025ರ ಆಗಸ್ಟಿನಲ್ಲಿ ತೆರವಾಯಿತು. ಕಾವಲುಗಾರನು ಮನೆಗೆ ಹೋದ ಮೇಲೆ ಮನೆಯವರೇ ಎಚ್ಚರವಿರಬೇಕಲ್ಲವೆ?

ಆದುದರಿಂದ ಹಿರಿಯನಾಗಿ ಒಂದು ಮಾತು ಹೇಳುತ್ತೇನೆ, ಕಟುವಾದರೂ ಸಹಿಸಿಕೊಳ್ಳಿ. ಯಾವ ಮದ್ದಿನ ಸಂದೇಶವನ್ನಾದರೂ ಕಳುಹಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಏನೇನಿದೆ? ಎಷ್ಟು ಜನ ತೆಗೆದುಕೊಂಡರು, ಅವರಲ್ಲಿ ಗುಣವಾಗದವರೆಷ್ಟು? ಕೇಡಾದರೆ ಹೊಣೆ ಯಾರದು? ಉತ್ತರವಿಲ್ಲದಿದ್ದರೆ ಅಲ್ಲಿಗೇ ಅಳಿಸಿಬಿಡಿ. ಏಕೆಂದರೆ ಇನ್ಸುಲಿನ್ ಮೇಲೆಯೇ ಬದುಕಿರುವ ಮಗುವಿನ ತಾಯಿಯೊಬ್ಬಳು ನಿಮ್ಮ ಮಾತನ್ನು ನಂಬಿ ಅದನ್ನು ನಿಲ್ಲಿಸಿದರೆ, ಆ ಮಗುವಿಗೆ ಉಳಿಯುವುದು ಕೆಲವೇ ದಿನಗಳು. ಅಂದಿನ ಬಾಟಲಿಯ ಮೇಲೆ ವ್ಯಾಪಾರಿಯ ಹೆಸರಾದರೂ ಇರುತ್ತಿತ್ತು. ಇಂದಿನ ಸಂದೇಶವನ್ನು ಆ ತಾಯಿ ನಂಬುವುದು, ಅದನ್ನು ಕಳುಹಿಸಿದವರು ನೀವೆಂಬ ಕಾರಣಕ್ಕೆ.