ಮನೆಮಂದಿಯ ನಗೆ ಮತ್ತು ಪೂರ್ವಗ್ರಹದ ವಿಡಂಬನೆ

ಹಾಸ್ಯ ಧಾರಾವಾಹಿಯೊಂದು ಮನೆಮಂದಿಯೆಲ್ಲ ಕೂಡಿ ನೋಡಲು ತಕ್ಕುದೇ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಅಶ್ಲೀಲವಿಲ್ಲದಿದ್ದರೆ ಸಾಕು. ವೃತ್ತಿ ನಾಟಕಗಳ ದ್ವಂದ್ವಾರ್ಥವನ್ನು ಆಕ್ಷೇಪಿಸುವಾಗ ಬಳಸುವ ಅಳತೆಗೋಲನ್ನೇ ಕಿರುತೆರೆಗೂ ಅನ್ವಯಿಸಲಾಗುತ್ತದೆ. 2000ದ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಪ್ರಸಾರವಾದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಈ ಅಳತೆಯಲ್ಲಿ ಗೆದ್ದವು, ಜಾತಿಯ ಪ್ರಶ್ನೆ ಅವುಗಳ ಕೇಂದ್ರವಾಗಿರಲಿಲ್ಲ. ಆದರೆ ಪೂರ್ವಗ್ರಹವನ್ನೇ ವಿಡಂಬಿಸುವ ಕೃತಿಗೆ ಈ ಅಳತೆ ಸಾಲದು. ಪೂರ್ವಗ್ರಹವನ್ನು ಬಯಲಿಗೆಳೆಯಲು ಅದರ ಬಿರುನುಡಿಯನ್ನೇ ಪಾತ್ರದ ಬಾಯಲ್ಲಿ ಆಡಿಸಬೇಕಾಗುತ್ತದೆ. ಅದನ್ನು ಮಗುವೂ ಕೇಳುತ್ತದೆ.

ಅಮೆರಿಕದಲ್ಲಿ 1971ರಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ ಧಾರಾವಾಹಿ ಈ ಇಕ್ಕಟ್ಟಿಗೆ ಪ್ರಸಿದ್ಧ ನಿದರ್ಶನ. ಕರಿಯರನ್ನೂ ವಲಸಿಗರನ್ನೂ ಹೀಗಳೆಯುವ ಆರ್ಚಿ ಬಂಕರ್ ಅದರ ನಗೆಯ ಗುರಿ. ಆದರೆ 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಪ್ರಕಟಿಸಿದ ಅಧ್ಯಯನ ಬೇರೊಂದು ಸಂಗತಿಯನ್ನು ತೋರಿಸಿತು: ಪೂರ್ವಗ್ರಹ ಬಲವಾಗಿದ್ದ ನೋಡುಗರು ಆರ್ಚಿಯನ್ನು ಮೆಚ್ಚುವ ಸಾಧ್ಯತೆಯೇ ಹೆಚ್ಚಾಗಿತ್ತು. ಕೃತಿಕಾರನ ಸದುದ್ದೇಶವೊಂದೇ ನಗೆಯ ದಿಕ್ಕನ್ನು ನಿರ್ಧರಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಎಚ್ಚರಿಕೆ ಕೊಪ್ಪಳ ಜಿಲ್ಲೆಗೆ ದೂರದ್ದಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ ಮತ್ತು ಹೋಟೆಲುಗಳ ಪ್ರವೇಶದ ಪ್ರಶ್ನೆಯ ಹಿನ್ನೆಲೆಯಲ್ಲಿ 2014ರಲ್ಲಿ ದಲಿತರ ಮೇಲೆ ದಾಳಿ ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಉಚ್ಚ ನ್ಯಾಯಾಲಯಕ್ಕೂ ಹೋಯಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಹೋದುದಕ್ಕೆ ದಂಡದ ಮಾತು ಎದ್ದಿತು. ಆ ಮಗುವಿಗೆ ಮೈಲಿಗೆಯ ಅರಿವಿರಲಿಲ್ಲ. ಅದು ಹಿರಿಯರ ಅರಿವು. ಪೂರ್ವಗ್ರಹ ಮನೆಯ ಪಡಸಾಲೆಯಲ್ಲಿಯೇ ಕಲಿತು ಬರುವ ಪಾಠವಾದುದರಿಂದ ಅದರ ವಿಡಂಬನೆಯೂ ಅಲ್ಲಿಯೇ ನಡೆಯಬೇಕಾದುದು ಸಹಜ.

ಇದೇ ನೆಲದ ತೊಗಲುಗೊಂಬೆಯಾಟ ಮತ್ತೊಂದು ನೆಲೆಯನ್ನು ತೋರಿಸುತ್ತದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದ ಈ ಕಲೆಯಲ್ಲಿ ರಾಮಾಯಣ, ಮಹಾಭಾರತಗಳ ನಡುವೆಯೇ ಕಿಳ್ಳೇಕ್ಯಾತ, ಬಂಗಾರಕ್ಕರ ಒರಟು ಹಾಸ್ಯಕ್ಕೂ ಜಾಗವಿದೆ. ಮಕ್ಕಳು, ಮುದುಕರೆನ್ನದೆ ಊರೇ ಕುಳಿತು ನೋಡಿದ ಆಟವಿದು. ಮಾತಿನ ಮಡಿವಂತಿಕೆ ಅಲ್ಲಿ ಯೋಗ್ಯತೆಯ ಮಾನದಂಡವಾಗಿರಲಿಲ್ಲ. ಆದರೆ ಆಟದ ಹೊರಗೆ ಅದೇ ಕಿಳ್ಳೇಕ್ಯಾತನ ಹೆಸರು ಅಣಕದ ಮಾತಾಗಿಯೂ ಬಳಕೆಯಾಗುತ್ತದೆ. ನಗಿಸುವ ಸಮುದಾಯದ ಮೇಲೆಯೇ ನಗೆ ತಿರುಗುವ ಬಗೆ ಇದು.

ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. ಅವಮಾನಕ್ಕೊಳಗಾದ ಪಾತ್ರಕ್ಕೆ ಕಥೆಯಲ್ಲಿ ಎದುರುತ್ತರ ಕೊಡುವ ಬಾಯಿ ಇದೆಯೇ? ಹೀಗಳೆದವನು ತನ್ನ ಮಾತಿಗೆ ಏನನ್ನಾದರೂ ತೆರುತ್ತಾನೆಯೇ, ಇಲ್ಲವೆ ಮುಗ್ಧ ಹಿರಿಯನೆಂದು ಮುದ್ದಿಗೆ ಪಾತ್ರನಾಗುತ್ತಾನೆಯೇ? ಆ ಸಮುದಾಯದವರು ಪಕ್ಕದಲ್ಲಿಯೇ ಕುಳಿತಿದ್ದರೂ ಮನೆಯವರು ಅಷ್ಟೇ ಸಲೀಸಾಗಿ ನಗಬಲ್ಲರೇ? ಯಲಬುರ್ಗಾ, ಕುಷ್ಟಗಿ ಕಡೆಯ ಮಾತನ್ನು ದಡ್ಡತನದ ಗುರುತಾಗಿ ಬಳಸುವ ಹಾಸ್ಯದಲ್ಲಿ ಅಶ್ಲೀಲದ ಸುಳಿವೂ ಇರದು. ಆದರೂ ಅದು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಗಂಗಾವತಿಯ ಬಿ. ಪ್ರಾಣೇಶ್ ಅದೇ ಉತ್ತರ ಕರ್ನಾಟಕದ ಮಾತನ್ನು ನಗುವವನ ಸ್ವಂತ ದನಿಯಾಗಿಸಿದ್ದು ಇದಕ್ಕೆ ಪ್ರತಿಯಾದ ಮಾದರಿ.

ಮಕ್ಕಳು ಬೈಗುಳವನ್ನಷ್ಟೇ ಕಲಿತು ವ್ಯಂಗ್ಯವನ್ನು ಬಿಟ್ಟಾರು ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ವ್ಯಂಗ್ಯ ತಿಳಿಯದ ವಯಸ್ಸಿನ ಮಗುವನ್ನು ಅಂಥ ಕಂತಿನ ಮುಂದೆ ಒಂಟಿಯಾಗಿ ಕೂರಿಸುವುದು ತರವಲ್ಲ. ಆದರೆ ಅದಕ್ಕೆ ಪರಿಹಾರ ಟಿ.ವಿ.ಯನ್ನು ಆರಿಸುವುದಲ್ಲ, ಆ ಮಾತು ಏಕೆ ತಪ್ಪೆಂದು ಹಿರಿಯರು ಅಲ್ಲಿಯೇ ಹೇಳುವುದು. ಹಾಗೆ ಹೇಳಲು ಹಿರಿಯರಿಗೆ ಸಂಕೋಚವಾದರೆ ಕೊರತೆ ಧಾರಾವಾಹಿಯದಲ್ಲ, ಮನೆಯದು. ಪೂರ್ವಗ್ರಹದ ವಿಡಂಬನೆ ಮನೆಮಂದಿಗೆ ತಕ್ಕುದೇ ಎಂದು ಕೇಳುವಷ್ಟೇ ಗಟ್ಟಿಯಾಗಿ, ಪೂರ್ವಗ್ರಹ ಮನೆಮಂದಿಗೆ ತಕ್ಕುದೇ ಎಂದೂ ಕೇಳಬೇಕಾಗಿದೆ.