ಒಂದೇ ಪೊರಕೆ, ಎರಡು ಬಗೆಯ ಕೂಲಿ

ಕೆಲವು ಭಾನುವಾರಗಳ ಹಿಂದೆ, ಬಲಿಪೂಜೆ ಮುಗಿದ ಬಳಿಕ ದೇವಾಲಯದ ಅಂಗಳದಲ್ಲಿ ಎರಡು ಕುಟುಂಬಗಳ ನಡುವೆ ನಡೆಯುತ್ತಿದ್ದ ಮಾತುಕತೆ ನನ್ನ ಕಿವಿಗೆ ಬಿತ್ತು. ಮನೆಗೆಲಸಕ್ಕೆ ಬರುವ ಹೆಂಗಸು ತಿಂಗಳಿಗೆ ಐದುನೂರು ರೂಪಾಯಿ ಹೆಚ್ಚಿಗೆ ಕೇಳಿದಳೆಂಬುದು ಒಬ್ಬ ಗೃಹಿಣಿಯ ದೂರು. “ದಿನಕ್ಕೆ ಒಂದು ಗಂಟೆ ಗುಡಿಸಿ, ಒರೆಸಿ ಹೋಗುವವಳಿಗೆ ಎರಡೂವರೆ ಸಾವಿರ ಕೊಡುತ್ತಿದ್ದೇವೆ. ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ತೊಳೆಯಲು ಕಂಪನಿಯವರು ಕಳುಹಿಸುವ ಹೆಂಗಸು ದಿನವಿಡೀ ದುಡಿದು ಹದಿಮೂರು ಸಾವಿರ ಎಣಿಸಿಕೊಳ್ಳುತ್ತಾಳೆ. ಗಂಟೆಯ ಲೆಕ್ಕ ಹಾಕಿದರೆ ನಮ್ಮವಳಿಗೇ ಹೆಚ್ಚು” ಎಂದರು ಅವರು. ಪಕ್ಕದಲ್ಲಿದ್ದ ಹಿರಿಯರು, “ಹಾಗಾದರೆ ಕಂಪನಿಗೇ ವಹಿಸಿಬಿಡಿ, ತಂಟೆಯೇ ಇರುವುದಿಲ್ಲ” ಎಂದು ಪರಿಹಾರ ಸೂಚಿಸಿದರು. ಅನಂತರ ಇಬ್ಬರೂ ನನ್ನತ್ತ ತಿರುಗಿ, “ನೀವೇ ಹೇಳಿ ಫಾದರ್, ಯಾವುದು ನ್ಯಾಯ?” ಎಂದು ಕೇಳಿದರು.

ಅಂದು ನಾನು ನಕ್ಕು ಸುಮ್ಮನಾದೆ. ಆದರೆ ನ್ಯಾಯದ ಪ್ರಶ್ನೆಗೆ ನಗೆಯು ಉತ್ತರವಲ್ಲ. ಮನೆಗೆ ಬಂದು ಕಾಗದ, ಪೆನ್ನು ಹಿಡಿದು ಕುಳಿತೆ. ಆ ಲೆಕ್ಕವನ್ನೇ ಇಂದು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಸ್ವಂತವಾಗಿ ಮನೆಮನೆಗೆ ಹೋಗಿ ದುಡಿಯುವ ಹೆಂಗಸನ್ನು ತೆಗೆದುಕೊಳ್ಳೋಣ. ಆಕೆ ಐದು ಮನೆಗಳಲ್ಲಿ ದಿನಕ್ಕೊಂದು ಗಂಟೆಯಂತೆ, ತಿಂಗಳಿಗೆ 26 ದಿನ ದುಡಿದು, ಮನೆಯೊಂದಕ್ಕೆ 2,500 ರೂಪಾಯಿಯಂತೆ 12,500 ರೂಪಾಯಿ ಗಳಿಸುತ್ತಾಳೆಂದು ಭಾವಿಸೋಣ. 130 ಗಂಟೆಗೆ ಭಾಗಿಸಿದರೆ ಗಂಟೆಗೆ 96 ರೂಪಾಯಿ. ಇನ್ನು ಕಂಪನಿಯ ಹೆಂಗಸಿಗೆ 15,000 ರೂಪಾಯಿ ವೇತನವೆಂದು ಇಟ್ಟುಕೊಳ್ಳೋಣ. ಭವಿಷ್ಯನಿಧಿಗೆ ಶೇಕಡಾ 12ರಂತೆ 1,800, ಇ.ಎಸ್.ಐ.ಗೆ ಶೇಕಡಾ 0.75ರಂತೆ 113 ರೂಪಾಯಿ ಕಡಿತವಾಗಿ ಆಕೆಯ ಕೈಗೆ ಬರುವುದು 13,087 ರೂಪಾಯಿ. 26 ದಿನ, ದಿನಕ್ಕೆ ಎಂಟು ಗಂಟೆಯಂತೆ 208 ಗಂಟೆ. ಗಂಟೆಗೆ ಸುಮಾರು 63 ರೂಪಾಯಿ. ಅಂಗಳದಲ್ಲಿ ಆ ಗೃಹಿಣಿ ಹೇಳಿದ್ದು ಸುಳ್ಳಲ್ಲ. ಮೇಲ್ನೋಟಕ್ಕೆ ಸ್ವಂತವಾಗಿ ದುಡಿಯುವವಳದ್ದೇ ಒಂದೂವರೆ ಪಟ್ಟು ಹೆಚ್ಚು. ಇವು ಉದಾಹರಣೆಗಾಗಿ ಇಟ್ಟುಕೊಂಡ ಅಂಕಿಗಳು. ಊರು ಬದಲಾದಂತೆ ಅವೂ ಬದಲಾಗುತ್ತವೆ. ಆದರೆ ಲೆಕ್ಕದ ಕ್ರಮ ಬದಲಾಗದು.

ಈಗ ಪುಟವನ್ನು ತಿರುವಿ ಹಾಕೋಣ. ಐದು ಮನೆಗಳು ಒಂದೇ ಬೀದಿಯಲ್ಲಿ ಇರುವುದಿಲ್ಲ. ಒಂದು ಮನೆಯವರು ಏಳು ಗಂಟೆಗೆ ಬಾ ಎಂದರೆ ಇನ್ನೊಬ್ಬರು ಹತ್ತಕ್ಕೆ ಬಾ ಎನ್ನುತ್ತಾರೆ. ನಡಿಗೆ, ಕಾಯುವಿಕೆ ಎಲ್ಲವೂ ಸೇರಿ ಐದು ಗಂಟೆಯ ಕೆಲಸಕ್ಕೆ ದಿನದ ಏಳು ಗಂಟೆ ಸಲ್ಲುತ್ತದೆ. ತಿಂಗಳಿಗೆ 182 ಗಂಟೆ. ಬೇಸಿಗೆಯಲ್ಲಿ ಒಂದು ಮನೆಯವರು ಎರಡು ತಿಂಗಳು ಊರಿಗೆ ಹೋದರೆ 5,000 ರೂಪಾಯಿ ಖೋತಾ. ವರ್ಷದಲ್ಲಿ ಹತ್ತು ದಿನ ಜ್ವರವೆಂದು ಮಲಗಿದರೆ ಇನ್ನೂ ನಾಲ್ಕು ಸಾವಿರಕ್ಕೂ ಹೆಚ್ಚು ಖೋತಾ. ಇವೆಲ್ಲವನ್ನೂ ಕಳೆದರೆ ಆಕೆಯ ಗಂಟೆಯ ಗಳಿಕೆ ಸುಮಾರು 64 ರೂಪಾಯಿಗೆ ಇಳಿಯುತ್ತದೆ.

ಕಂಪನಿಯ ಹೆಂಗಸಿನ ಹೆಸರಿನಲ್ಲಾದರೋ ಆಕೆಯ 1,800ರ ಜೊತೆಗೆ ಮಾಲೀಕನ 1,800 ರೂಪಾಯಿಯೂ ಭವಿಷ್ಯನಿಧಿ ಮತ್ತು ಪಿಂಚಣಿ ಯೋಜನೆಗೆ ಸೇರಬೇಕು. ಇ.ಎಸ್.ಐ.ಗೆ ಮಾಲೀಕನು ಶೇಕಡಾ 3.25ರಂತೆ 488 ರೂಪಾಯಿ ತುಂಬಬೇಕು. ಶೇಕಡಾ 8.33ರ ಬೋನಸ್ ಎಂದರೆ ತಿಂಗಳಿಗೆ 1,250 ರೂಪಾಯಿ. ಒಟ್ಟು ಸೇರಿಸಿದರೆ ಆಕೆಗೆ ಸಲ್ಲುವುದು 18,538 ರೂಪಾಯಿ, ಗಂಟೆಗೆ 89. ಕಾಯಿಲೆ ಬಿದ್ದರೆ ಆಸ್ಪತ್ರೆಯ ಚಿಕಿತ್ಸೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ಭತ್ಯೆ ಬೇರೆ. ಅಂದರೆ 96 ಮತ್ತು 63 ಎಂದು ತೋರಿದ್ದು, ವರ್ಷದ ಕೊನೆಗೆ 64 ಮತ್ತು 89 ಆಗಿ ನಿಲ್ಲುತ್ತದೆ. ಗಂಟೆಯ ಲೆಕ್ಕದಲ್ಲಿ ಹೆಚ್ಚು ಪಡೆಯುವವಳು ಬಾಳಿನ ಲೆಕ್ಕದಲ್ಲಿ ಕಡಿಮೆ ಪಡೆಯುತ್ತಿದ್ದಾಳೆ.

ಹಾಗೆಂದು ಕಂಪನಿಗೆ ವಹಿಸಿದಾಕ್ಷಣ ನ್ಯಾಯ ತಾನಾಗಿ ನಡೆಯುತ್ತದೆಯೇ? ಇಲ್ಲ. ಇದೇ ಹೆಂಗಸಿಗಾಗಿ ಕಂಪನಿಯು ಶೇಕಡಾ 10ರ ಸೇವಾಶುಲ್ಕವನ್ನೂ ಶೇಕಡಾ 18ರ ಜಿ.ಎಸ್.ಟಿ.ಯನ್ನೂ ಸೇರಿಸಿ ಕಳುಹಿಸುವ ಬಿಲ್ಲು ಸುಮಾರು 24,000 ರೂಪಾಯಿ. ಇಷ್ಟು ಕೊಟ್ಟವರು ‘ಕೊಟ್ಟಾಯಿತು’ ಎಂದು ನಿಶ್ಚಿಂತರಾಗುತ್ತಾರೆ. ಭವಿಷ್ಯನಿಧಿಯೆಂದು ಕಡಿದ ಹಣ ಆಕೆಯ ಖಾತೆ ಸೇರಿತೇ ಎಂದು ಯಾರೂ ಕೇಳುವುದಿಲ್ಲ. ಐದು ವರ್ಷ ಎಡೆಬಿಡದೆ ದುಡಿದವರಿಗೆ ಗ್ರಾಚ್ಯುಯಿಟಿ ಉಂಟು. ಆದರೆ ಎರಡು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾದರೆ, ಅದೇ ಮೆಟ್ಟಿಲನ್ನು ಹತ್ತು ವರ್ಷ ಒರೆಸಿದ ಹೆಂಗಸೂ ಕಾಗದದ ಮೇಲೆ ಸದಾ ಹೊಸಬಳೇ. ಅಲ್ಲದೆ ಸ್ವಂತವಾಗಿ ದುಡಿಯುವವಳಿಗೆ ಇರುವ ಬಿಡುವು, ಮಗು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರುವ ಅನುಕೂಲ, ಗೌರವ ಕೊಡದ ಮನೆಯನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಕಂಪನಿಯವಳಿಗೆ ಇಲ್ಲ.

ಮಧ್ಯವರ್ತಿಯ ವಿಷಯದಲ್ಲಿ ನಮ್ಮ ರಾಜ್ಯಕ್ಕೇ ಒಂದು ಅನುಭವವಿದೆ. ನಗರಗಳ ಬೀದಿ ಗುಡಿಸುವ ಪೌರಕಾರ್ಮಿಕರು ಬಹುಕಾಲ ಗುತ್ತಿಗೆದಾರರ ಕೈಕೆಳಗೆ ದುಡಿದರು. 2017ರಲ್ಲಿ ಸರ್ಕಾರವು ಆ ಪದ್ಧತಿಯನ್ನು ಕೈಬಿಟ್ಟು ಸ್ಥಳೀಯ ಸಂಸ್ಥೆಗಳೇ ನೇರವಾಗಿ ವೇತನ ಪಾವತಿ ಮಾಡುವಂತೆ ತೀರ್ಮಾನಿಸಿತು. ಅಷ್ಟಕ್ಕೇ ಭದ್ರತೆ ದೊರೆಯಲಿಲ್ಲ. 2022ರ ಜುಲೈನಲ್ಲಿ ಕಾಯಮಾತಿಗಾಗಿ ಅವರು ಮುಷ್ಕರ ಹೂಡಬೇಕಾಯಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,000ಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ದೊರೆಯಿತು. ಪೊರಕೆ ಅದೇ, ಬೀದಿ ಅದೇ. ಬದಲಾದದ್ದು ‘ಈ ಕಾರ್ಮಿಕನು ಯಾರವನು?’ ಎಂಬ ಪ್ರಶ್ನೆಗೆ ದೊರೆತ ಉತ್ತರ ಮಾತ್ರ.

ಈ ಪ್ರಶ್ನೆಯೇ ಇಡೀ ವಿಷಯದ ತಿರುಳು. ಜಗದ್ಗುರು ಎರಡನೇ ಜಾನ್ ಪಾಲರು 1981ರ ‘ಲಬೋರೆಮ್ ಎಕ್ಸರ್ಸೆನ್ಸ್’ ಎಂಬ ವಿಶ್ವಪತ್ರದಲ್ಲಿ ಪ್ರತ್ಯಕ್ಷ ಮಾಲೀಕ ಮತ್ತು ಪರೋಕ್ಷ ಮಾಲೀಕ ಎಂಬ ಭೇದವನ್ನು ವಿವರಿಸಿದ್ದಾರೆ. ಕೂಲಿಯನ್ನು ಕೈಗಿಡುವವನು ಪ್ರತ್ಯಕ್ಷ ಮಾಲೀಕ. ಆ ಕೂಲಿ ಎಷ್ಟಿರಬೇಕು, ದುಡಿಮೆ ಹೇಗಿರಬೇಕು ಎಂಬುದನ್ನು ಹಿಂದಿನಿಂದ ನಿರ್ಧರಿಸುವ ವ್ಯಕ್ತಿಗಳು, ಸಂಸ್ಥೆಗಳು, ನಿಯಮಗಳು ಪರೋಕ್ಷ ಮಾಲೀಕ. ಈ ಬೆಳಕಿನಲ್ಲಿ ನೋಡಿದರೆ ಅತಿ ಕಡಿಮೆ ದರ ಹೇಳಿದ ಏಜೆನ್ಸಿಯನ್ನೇ ಆರಿಸುವ ಅಪಾರ್ಟ್‌ಮೆಂಟ್ ಸಂಘವೂ, ಶಾಲೆಯ ಆಡಳಿತ ಮಂಡಳಿಯೂ, ಧರ್ಮಕೇಂದ್ರದ ಪಾಲನಾ ಸಮಿತಿಯೂ ಪರೋಕ್ಷ ಮಾಲೀಕರೇ. ಸ್ವಂತವಾಗಿ ದುಡಿಯುವ ಹೆಂಗಸಿನ ವಿಷಯದಲ್ಲಂತೂ ಮಧ್ಯೆ ಯಾರೂ ಇಲ್ಲ. ಅಲ್ಲಿ ಕಂಪನಿಯ ಸ್ಥಾನದಲ್ಲಿ ನಿಂತವರು ನಾವೇ. ಆದ್ದರಿಂದ ಕಂಪನಿಯ ಹೊಣೆಯೂ ನಮ್ಮದೇ.

“ಅವಳೇ ಒಪ್ಪಿಕೊಂಡ ಸಂಬಳವಲ್ಲವೇ?” ಎಂಬ ವಾದವಿದೆ. 1891ರಲ್ಲೇ ಜಗದ್ಗುರು ಹದಿಮೂರನೇ ಲಿಯೋರವರು ‘ರೇರುಮ್ ನೊವಾರುಮ್’ ಪತ್ರದಲ್ಲಿ ಇದಕ್ಕೆ ಉತ್ತರ ನೀಡಿದ್ದಾರೆ. ಒಪ್ಪಂದಕ್ಕಿಂತ ಹಿರಿದಾದ ಸಹಜ ನ್ಯಾಯವೊಂದಿದೆ. ಬೇರೆ ಗತಿಯಿಲ್ಲದೆ ಕಠಿಣ ಷರತ್ತನ್ನು ಒಪ್ಪಿದವನು ಬಲಾತ್ಕಾರಕ್ಕೆ ಒಳಗಾದವನೇ ಎಂಬುದು ಅವರ ಬೋಧನೆಯ ಸಾರ. ನ್ಯಾಯವೆಂದರೆ ಪ್ರತಿಯೊಬ್ಬರಿಗೂ ಅವರದ್ದನ್ನು ಸಲ್ಲಿಸುವ ಅಚಲ ಸಂಕಲ್ಪವೆಂದು ಸಂತ ಥಾಮಸ್ ಅಕ್ವೀನಾಸರು ಗುರುಮಠದ ತತ್ವಶಾಸ್ತ್ರ ಪಾಠದಲ್ಲಿ ನಮಗೆ ಕಲಿಸಿದ್ದರು. ದಾನದಲ್ಲಿ ನಾವು ನಮ್ಮದನ್ನು ಕೊಡುತ್ತೇವೆ. ನ್ಯಾಯದಲ್ಲಿ ಅವರದ್ದನ್ನೇ ಅವರಿಗೆ ಹಿಂದಿರುಗಿಸುತ್ತೇವೆ. ಇವೆರಡನ್ನೂ ಬೆರೆಸಿಬಿಟ್ಟರೆ, ಕೊಡಬೇಕಾದ ಬಾಕಿಯನ್ನು ಉಳಿಸಿಕೊಂಡು ಹಳೆಯ ಸೀರೆ ಕೊಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವ ಅಪಾಯವಿದೆ.

ಈ ಅಪಾಯಕ್ಕೆ ಸ್ವತಃ ನಾನೇ ಒಳಗಾದವನು. ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಹತ್ತೊಂಬತ್ತು ವರ್ಷ ದೇವಾಲಯವನ್ನು ಗುಡಿಸಿ ಒರೆಸಿದ್ದರು. “ಇವರು ನಮ್ಮ ಮನೆಯವರೇ” ಎಂದು ಎಲ್ಲರೂ ಹೇಳುತ್ತಿದ್ದೆವು. ಪಕ್ಕದ ಶಾಲೆಯಲ್ಲಿ ಏಜೆನ್ಸಿಯ ಮೂಲಕ ಬಂದ ಇನ್ನೊಬ್ಬ ಹೆಂಗಸಿದ್ದರು. ಅವರ ಸಂಬಳ ಕಡಿತವಾಗುವುದನ್ನು ಕಂಡು ನಾವು ಮರುಗುತ್ತಿದ್ದೆವು. ಮಂಡಿನೋವಿನಿಂದ ಆ ತಾಯಿ ಕೆಲಸ ಬಿಡಬೇಕಾದಾಗ ವಾರ್ಷಿಕ ಹಬ್ಬದ ದಿನ ಶಾಲು ಹೊದಿಸಿ, ಒಂದು ಲಕೋಟೆ ಕೊಟ್ಟು ಗೌರವಿಸಿದೆವು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಮರುದಿನ ಬೆಳಿಗ್ಗೆ ಅವರು ನನ್ನ ಬಾಗಿಲಿಗೆ ಬಂದು, “ಸ್ವಾಮಿ, ಮುಂದಿನ ತಿಂಗಳಿನಿಂದ ನಾನೇನು ಮಾಡಲಿ?” ಎಂದು ಕೇಳಿದರು. ಅದೇ ವರ್ಷ ಶಾಲೆಯ ಆ ಇನ್ನೊಬ್ಬ ಹೆಂಗಸು ಕೆಲಸ ಬಿಟ್ಟು, ಕೂಡಿಬಂದ ಭವಿಷ್ಯನಿಧಿಯಿಂದ ಮನೆಯ ಸೂರು ಸರಿಪಡಿಸಿಕೊಂಡರು. ‘ಮನೆಯವರು’ ಎನಿಸಿಕೊಂಡವರಿಗೆ ದೊರೆತದ್ದು ಶಾಲು. ಹೊರಗಿನವರು ಎನಿಸಿಕೊಂಡವರಿಗೆ ದೊರೆತದ್ದು ಸೂರು. ಪಾಲನಾ ಸಮಿತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡ ಮೇಲೆ ಆ ತಾಯಿಗೆ ತಿಂಗಳ ಭತ್ಯೆಯೊಂದನ್ನು ಗೊತ್ತುಮಾಡಿದೆವು. ಹತ್ತೊಂಬತ್ತು ವರ್ಷ ತಡವಾಗಿ.

ಕಾನೂನು ಇಲ್ಲಿ ಪೂರ್ತಿ ನೆರವಿಗೆ ಬಾರದು. 2004ರಲ್ಲಿ ಕರ್ನಾಟಕ ಸರ್ಕಾರವು ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ನಿಗದಿಪಡಿಸಿತು. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತವೂ ಅದರ ಪರ ಮತ ನೀಡಿತು. ಆದರೆ ಅದನ್ನು ಸ್ಥಿರೀಕರಿಸಿಲ್ಲ. ಭವಿಷ್ಯನಿಧಿಯಾಗಲಿ ಇ.ಎಸ್.ಐ. ಆಗಲಿ ನಮ್ಮ ನಿಮ್ಮ ಮನೆಗಳ ಹೊಸ್ತಿಲು ದಾಟಿ ಬರುವುದಿಲ್ಲ. ಕಾನೂನು ನಿಂತ ಕಡೆ ಅಂತಃಸಾಕ್ಷಿ ನಡೆಯಬೇಕು.

ಹಾಗಾದರೆ ನಮ್ಮ ಕುಟುಂಬಗಳು ಮಾಡಬಹುದಾದದ್ದೇನು? ವಾರಕ್ಕೊಂದು ದಿನ ಸಂಬಳಸಹಿತ ರಜೆ ಕೊಡೋಣ. ನಾವು ಊರಿಗೆ ಹೋದ ದಿನಗಳ ಸಂಬಳವನ್ನು ಕಡಿಯದಿರೋಣ. ಮನೆಗೆ ಬೀಗ ಹಾಕಿದವರು ನಾವು, ಅವಳಲ್ಲ. ಕಾಯಿಲೆಯ ದಿನಗಳಿಗೂ ಇದೇ ನಿಯಮವಿರಲಿ. ಕ್ರಿಸ್ಮಸ್‌ಗೆ ಒಂದು ತಿಂಗಳ ಸಂಬಳವನ್ನು ಉಡುಗೊರೆಯೆಂದಲ್ಲ, ಬೋನಸ್ ಎಂದೇ ಕೊಡೋಣ. ನಲವತ್ತರೊಳಗಿನ ವಯಸ್ಸಿನವಳಾದರೆ ಅಟಲ್ ಪಿಂಚಣಿ ಯೋಜನೆಗೆ ಸೇರಿಸಿ, ಕಂತನ್ನು ನಾವು ಭರಿಸಬಹುದು. ವಯಸ್ಸು ಮೀರಿದ್ದರೆ ಅಂಚೆ ಕಚೇರಿಯಲ್ಲಿ ಅವಳ ಹೆಸರಿನಲ್ಲೇ ತಿಂಗಳ ಉಳಿತಾಯ ಖಾತೆ ತೆರೆಯಬಹುದು. ಐದು ಮನೆಯವರು ಒಟ್ಟುಗೂಡಿ ತಲಾ ಮುನ್ನೂರು ಹಾಕಿದರೆ ತಿಂಗಳಿಗೆ ಒಂದೂವರೆ ಸಾವಿರ. ಕಂಪನಿಯೊಂದು ತುಂಬಬೇಕಾದ ಭವಿಷ್ಯನಿಧಿಗೆ ಹತ್ತಿರದ ಮೊತ್ತವೇ ಅದು.

ಕಂಪನಿಗೆ ವಹಿಸಿದವರು ಬಿಲ್ಲಿನ ಜೊತೆಗೆ ಪ್ರತಿ ತಿಂಗಳೂ ಭವಿಷ್ಯನಿಧಿ ಮತ್ತು ಇ.ಎಸ್.ಐ. ತುಂಬಿದ ಚಲನ್, ಅದರಲ್ಲಿ ಕಾರ್ಮಿಕರ ಹೆಸರುಗಳು ಇವನ್ನು ಕೇಳಿ ಪಡೆಯಬೇಕು. ಗುತ್ತಿಗೆದಾರನು ವೇತನ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಉಳಿದಿದೆ. ಏಜೆನ್ಸಿ ಬದಲಾದರೂ ಹಳೆಯ ಕೆಲಸಗಾರರನ್ನು ಮುಂದುವರಿಸಬೇಕೆಂಬ ಷರತ್ತನ್ನು ನಮ್ಮ ಶಾಲೆ, ಆಸ್ಪತ್ರೆ, ಧರ್ಮಕೇಂದ್ರಗಳಾದರೂ ಕರಾರಿನಲ್ಲಿ ಬರೆಯಿಸಲಿ.

ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದಕ್ಕೆ ಮುಂಚೆಯೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಸೂರ್ಯ ಮುಳುಗುವುದು ದಿನದ ಕೊನೆಯಲ್ಲಿ ಮಾತ್ರವಲ್ಲ. ಕೆಲಸಗಾರಳ ಮಂಡಿ ಸೋತಾಗಲೂ ಅವಳ ಪಾಲಿಗೆ ಸೂರ್ಯ ಮುಳುಗುತ್ತಾನೆ. ಅಂಗಳದಲ್ಲಿ ಪ್ರಶ್ನೆ ಕೇಳಿದ ಆ ಸಹೋದರಿಗೆ ನನ್ನ ಉತ್ತರವಿಷ್ಟೇ: ಅವಳು ಕೇಳಿದ ಐದುನೂರನ್ನು ಕೊಡಿ. ಕೊಡುವಾಗ ಅವಳ ವಯಸ್ಸೆಷ್ಟು, ಅವಳ ಹೆಸರಿನಲ್ಲಿ ಯಾವುದಾದರೂ ಉಳಿತಾಯ ಖಾತೆಯಿದೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಇಲ್ಲವೆಂದಾದರೆ ಅವಳು ಕೆಲಸಕ್ಕೆ ಹೋಗುವ ಉಳಿದ ನಾಲ್ಕು ಮನೆಯವರನ್ನು ಈ ವಾರವೇ ಭೇಟಿಯಾಗಿ.